ಘಟ್ಟದ ರೈಲಿನಲ್ಲಿ ಮರಳಿ ಮಂಜರಾಬಾದಿಗೆ

ಬಹುಕಾಲದ ಹಿಂದೆ ಒಮ್ಮೆ ಕಂಡ ಊರಿಗೆ ಮತ್ತೆ ರೈಲಿನಲ್ಲಿ ಹೋಗುವುದು ಒಂದು ವಿಚಿತ್ರವಾದ ಅನುಭವ. ಬಸ್ಸಿನಲ್ಲಿ ಹೋದರೆ ಊರು ತನ್ನ ಅಂಗಡಿಬೀದಿಯನ್ನು ಮುಂದೊಡ್ಡಿಕೊಂಡು ಎದುರಿಗೆ ಬರುತ್ತದೆ. ರೈಲಿನಲ್ಲಿ ಹೋದರೆ ಹಾಗಲ್ಲ. ಮೊದಲು ಕಾಣುವುದು ಅದರ ಹಿತ್ತಲು, ಬಾವಿಕಟ್ಟೆ, ಒಣಹಾಕಿದ ಬಟ್ಟೆ, ಬೇಲಿಯ ಮೇಲಿನ ಕುಂಬಳದ ಬಳ್ಳಿ. ಸಿಂಗಪುರ, ರಂಗೂನು, ಬಟಾವಿಯಾಗಳಂಥ ದೂರದ ನಗರಗಳಿಗೆ ಎಷ್ಟೋ ವರ್ಷಗಳ ಮೇಲೆ ಮರಳಿದವರು ಹೇಳುವ ಕಥೆಗಳನ್ನು ನೀವು ಕೇಳಿರಬಹುದು. ಅಷ್ಟು ದೂರ ಹೋಗಬೇಕಾದ್ದಿಲ್ಲ. ನಮ್ಮ ಹಾಸನದ ನಿಲ್ದಾಣದಲ್ಲಿ ಪಡುವಣ ದಿಕ್ಕಿನ ಗಾಡಿ ಹತ್ತಿ ಕುಳಿತರೆ ಸಾಕು. ಆ ದಾರಿಯಲ್ಲಿ ಹೋಗಿ ಮರಳಿ ಬಂದವರು ಮನುಷ್ಯರು ಮಾತ್ರವೇ ಅಲ್ಲ. ಒಂದು ಗಿಡ ಹೀಗೆ ಹೋಗಿ ಬಂದಿದೆ, ಒಂದು ರೈಲೇ ಹೋಗಿ ಬಂದಿದೆ.

ನೀವು 1980ರ ದಶಕದಲ್ಲಿ ಒಮ್ಮೆ ಈ ದಾರಿಯಲ್ಲಿ ಹೋಗಿದ್ದಿರೆಂದು ಇಟ್ಟುಕೊಳ್ಳೋಣ. ಈಗ ತಲೆ ನರೆತ ಮೇಲೆ ಮತ್ತೆ ಹೊರಟಿದ್ದೀರಿ. ಹಾಸನ ಬಿಟ್ಟ ಮೇಲೆ ಬಯಲು ಮೆಲ್ಲಮೆಲ್ಲನೆ ಮಡಿಕೆ ಬೀಳತೊಡಗುತ್ತದೆ. ಆಲೂರಿಗೆ ಬರುವ ಹೊತ್ತಿಗೆ ಗದ್ದೆಗಳು ಗುಡ್ಡಗಳ ನಡುವೆ ಇಳಿದು ಕುಳಿತಿರುತ್ತವೆ. ಬಾಳ್ಳುಪೇಟೆ ದಾಟಿದರೆ ಮರಗಳು ಹತ್ತಿರ ಹತ್ತಿರ ನಿಲ್ಲುತ್ತವೆ, ಗಾಳಿ ತಣ್ಣಗಾಗುತ್ತದೆ. ಹೇಮಾವತಿಯ ದಡದ ಸಕಲೇಶಪುರ ಬಂದಿತೆಂದು ಕಣ್ಣಿಗಿಂತ ಮೊದಲು ಮೈಗೆ ಗೊತ್ತಾಗುತ್ತದೆ. ಊರಿಗೆ ಹೆಸರು ಕೊಟ್ಟ ಸಕಲೇಶ್ವರನ ಗುಡಿ ಹೊಯ್ಸಳರ ಕಾಲದ್ದು. ಆದರೆ ಹಿಂದೆ ಈ ಸೀಮೆಗಿದ್ದ ಹೆಸರು ಬೇರೆ. ಬೇಲೂರಿನ ನಾಯಕರ ವಂಶದವರು ಐಗೂರಿನಿಂದ ಆಳಿದ ಈ ನಾಡನ್ನು ಬಲಂ ಎಂದು ಕರೆಯುತ್ತಿದ್ದರು. ಮಂಜರಾಬಾದ್ ಎಂಬ ಹೆಸರು ಬಂದದ್ದು ಟಿಪ್ಪುವಿನ ಕಾಲದಲ್ಲಿ. ಕೋಟೆ ನೋಡಲು ಬಂದ ಸುಲ್ತಾನನಿಗೆ ಬರೀ ಮಂಜೇ ಕಂಡಿತಾಗಿ ಈ ಹೆಸರಿಟ್ಟನೆಂದು ಜನ ಹೇಳುತ್ತಾರೆ.

ಆ ಕೋಟೆ ಊರಿನಿಂದ ಎರಡು ಹರಿದಾರಿಯೊಳಗೆ, ದೋಣಿಗಾಲ್ ಬಳಿಯ ಗುಡ್ಡದ ನೆತ್ತಿಯಲ್ಲಿದೆ. ಅದು ಮುಗಿದದ್ದು 1792ರಲ್ಲಿ. ಅದೇ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೇ ಕಳೆದುಕೊಂಡ. ಮಲೆಯಾಳವೂ ಕೊಡಗೂ ಕೈಬಿಟ್ಟುಹೋದುವು. ಉಳಿದ ಕಡಲಬಾಗಿಲೆಂದರೆ ಮಂಗಳೂರು. ಅಲ್ಲಿಗಿಳಿಯುವ ದಾರಿಯ ಮೇಲೆ ಕಣ್ಣಿಟ್ಟಿರಲೆಂದು, ಫ್ರೆಂಚರ ಪದ್ಧತಿಯಂತೆ, ಎಂಟು ಮೂಲೆಯ ನಕ್ಷತ್ರದ ಆಕಾರದಲ್ಲಿ ಈ ಕೋಟೆ ಎದ್ದಿತು. ನಡುವೆ ಶಿಲುಬೆಯಾಕಾರದ ಕೊಳ, ಪಕ್ಕದಲ್ಲಿ ಮದ್ದಿಡುವ ತಂಪಾದ ನೆಲಮನೆಗಳು. ಕಟ್ಟಿದವನು 1799ರಲ್ಲಿ ಮಡಿದ. ಆದರೆ ಬಲಂ ಸೀಮೆ ಅಷ್ಟಕ್ಕೇ ಬಗ್ಗಲಿಲ್ಲ. ಇಲ್ಲಿಯ ಪಾಳೆಯಗಾರ ವೆಂಕಟಾದ್ರಿ ನಾಯಕ ಕಾಡಿನ ನಡುವೆ ಅರಕೆರೆಯಲ್ಲಿ ಭದ್ರವಾಗಿ ನಿಂತು ಕಂಪನಿಯ ದಂಡನ್ನು ಎದುರಿಸಿದ. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಗೆದ್ದ ವೆಲ್ಲೆಸ್ಲಿಯೇ 1802ರ ಜನವರಿಯಲ್ಲಿ ಅರಕೆರೆಯ ಮೇಲೆ ಬಿದ್ದ. ಮರುತಿಂಗಳು ನಾಯಕ ಸೆರೆಸಿಕ್ಕಿ ನೇಣಿಗೇರಿದ. ಅಂದಿನಿಂದ ಈ ಕಾಡಿನ ಬಾಗಿಲು ಹೊರಗಿನವರಿಗೆ ತೆರೆದಂತಾಯಿತು.

ತೆರೆದ ಬಾಗಿಲಿನಿಂದ ಒಳಗೆ ಬಂದದ್ದು ಕಾಫಿ. 1850ರ ದಶಕದಲ್ಲಿ ಇಲ್ಲಿಗೆ ಬಂದು ತೋಟ ಮಾಡಿದ ರಾಬರ್ಟ್ ಎಲಿಯಟ್ ಎಂಬಾತ 1871ರಲ್ಲಿಯೂ 1894ರಲ್ಲಿಯೂ ಮಂಜರಾಬಾದಿನ ಬದುಕನ್ನು ಕುರಿತು ಪುಸ್ತಕಗಳನ್ನು ಪ್ರಕಟಿಸಿದ. ಮೊದಮೊದಲು ಕಾಡನ್ನು ಬೋಳಿಸಿ ಗಿಡ ನೆಟ್ಟವರಿಗೆ 1860ರ ದಶಕದಲ್ಲಿ ಕಾಂಡಕೊರೆಯುವ ಹುಳು ಬುದ್ಧಿ ಕಲಿಸಿತು. ಬಿಸಿಲಿಗೆ ಒಡ್ಡಿದ ಗಿಡ ಬಹುಬೇಗ ಹುಳುವಿಗೆ ತುತ್ತಾಗುತ್ತದೆ, ನೆರಳಿನಲ್ಲಿದ್ದುದು ಉಳಿಯುತ್ತದೆ. ಹೀಗಾಗಿ ಮರಗಳನ್ನು ಉಳಿಸಿಕೊಂಡೇ ತೋಟ ಮಾಡುವ ರೂಢಿ ಇಲ್ಲಿ ಬೇರೂರಿತು. ಇಂದು ನೀವು ಕಿಟಕಿಯಿಂದ ಕಾಡೆಂದು ತಿಳಿದು ನೋಡುವುದರಲ್ಲಿ ಬಹುಪಾಲು ತೋಟವೇ. ಈ ಮಾತನ್ನು ನೆನಪಿಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತದೆ.

ಇನ್ನು ಆ ಗಿಡದ ಪ್ರಯಾಣವನ್ನು ಕೇಳಿ. ಬಾಬಾಬುಡನ್ ಅವರು ಅರಬರ ನಾಡಿನಿಂದ ಏಳು ಬೀಜ ತಂದರೆಂಬ ಐತಿಹ್ಯ ನಿಮಗೆ ಗೊತ್ತೇ ಇದೆ. 1696ರಲ್ಲಿ ಡಚ್ಚರು ನಮ್ಮ ಪಡುವಣ ಕರಾವಳಿಯ ಕಣ್ಣಾನೂರಿನಿಂದ ಕಾಫಿ ಸಸಿಗಳನ್ನು ಜಾವಾದ ಬಟಾವಿಯಾಕ್ಕೆ, ಎಂದರೆ ಇಂದಿನ ಜಕಾರ್ತಕ್ಕೆ, ಒಯ್ದರು. ಅವು ನೆರೆಯಲ್ಲಿ ಹಾಳಾದುವು. 1699ರಲ್ಲಿ ಮತ್ತೆ ಒಯ್ದು ನೆಟ್ಟ ಸಸಿಗಳು ಹಿಡಿದುವು. ಜಾವಾದ ಕಾಫಿ ಜಗತ್ಪ್ರಸಿದ್ಧವಾಯಿತು. ಆಮೇಲೆ ಎಲೆತುಕ್ಕು ಬಂತು. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡು ಅಲ್ಲಿಯ ತೋಟಗಳನ್ನು ಮುಗಿಸಿತು. ನಮ್ಮನ್ನೂ ಜಾವಾವನ್ನೂ ಬಿಡಲಿಲ್ಲ. ತುಕ್ಕನ್ನು ತಡೆದುಕೊಳ್ಳುವ ರೋಬಸ್ಟಾ ಎಂಬ ಆಫ್ರಿಕದ ಜಾತಿ 1900ರ ಸುಮಾರಿಗೆ ಜಾವಾ ಮುಟ್ಟಿತು. ಅಲ್ಲಿ ನೆಲೆನಿಂತು ಆಮೇಲೆ ಭಾರತಕ್ಕೂ ಬಂತು. ಹೋದದ್ದು ಅರೇಬಿಕಾ, ಇನ್ನೂರು ವರ್ಷದ ಮೇಲೆ ಬಂದದ್ದು ಅದರ ದಾಯಾದಿ. ಮರಳಿ ಬಂದವರು ಹೋದವರೇ ಆಗಿರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಜಾವಾದಲ್ಲಿ ಬಟಾವಿಯಾದಿಂದ ಒಳನಾಡಿನ ಬೋಗೋರಿಗೆ 1873ರಲ್ಲಿಯೇ ರೈಲು ಓಡಿತು. ನಮ್ಮ ಮಂಜರಾಬಾದಿನ ಕಾಫಿ ಮಾತ್ರ ಎತ್ತಿನ ಗಾಡಿಯಲ್ಲಿ ಘಟ್ಟವಿಳಿದು ಮಂಗಳೂರಿನ ಕಾಫಿಕಣಗಳಿಗೆ ಹೋಗುತ್ತಿತ್ತು. ಮಂಗಳೂರಿಗೆ 1907ರಲ್ಲಿ ರೈಲು ಬಂದದ್ದೇನೋ ನಿಜ. ಆದರೆ ಅದು ಬಂದದ್ದು ಕಲ್ಲಿಕೋಟೆಯ ಕಡೆಯಿಂದ. ಬೆಂಗಳೂರಿನವನು ರೈಲಿನಲ್ಲಿಯೇ ಮಂಗಳೂರು ಸೇರಬೇಕಾದರೆ ಸೇಲಂ, ಷೊರನೂರುಗಳನ್ನು ಸುತ್ತಿಕೊಂಡು ಹೋಗಬೇಕಾಗಿತ್ತು. ನಕ್ಷೆಯ ಮೇಲೆ ಒಂದು ಗೇಣು ದೂರದ ಊರಿಗೆ ಒಂದು ಮಾರು ಸುತ್ತು! 1956ರಲ್ಲಿ ರಾಜ್ಯ ಒಂದಾಯಿತು. ಮಲೆನಾಡು ಕರಾವಳಿಗಳು ಒಂದೇ ಸೂರಿನಡಿ ಬಂದುವು. ಆದರೂ ನಡುವಣ ಗೋಡೆ ಹಾಗೆಯೇ ನಿಂತಿತ್ತು. 1960ರ ದಶಕದಲ್ಲಿ ಕೈಹಾಕಿದ ಕೆಲಸ ಮುಗಿದು ಹಾಸನ–ಮಂಗಳೂರು ಮಾರ್ಗ ಪೂರ್ತಿ ತೆರೆದದ್ದು 1979ರಲ್ಲಿ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ ರೈಲು ಏಳು ನೂರು ಮೀಟರಿಗೂ ಮಿಕ್ಕು ಕೆಳಗಿಳಿಯುತ್ತದೆ. ಐವತ್ತು ಅಡಿ ಮುಂದೆ ಸಾಗಿದರೆ ಒಂದು ಅಡಿ ಇಳಿತ. ಕೇಳುವುದಕ್ಕೆ ಅಲ್ಪ, ರೈಲಿಗೆ ಅದು ಬಹು ಕಡಿದು. ಮೇಲೇರುವ ಗಾಡಿಗೆ ಹಿಂದಿನಿಂದ ನೂಕುವುದಕ್ಕೆ ಬೇರೆ ಎಂಜಿನ್ನುಗಳೇ ಬೇಕು. ಐವತ್ತಕ್ಕೂ ಹೆಚ್ಚು ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು: ಈ ನಿಲ್ದಾಣಗಳಲ್ಲಿ ಇಳಿಯುವವರಿಗಿಂತ ಮಳೆಯೇ ಹೆಚ್ಚು.

ನೀವು ಅಂದು ಹೋದದ್ದು ಒಂದು ಮೀಟರ್ ಅಗಲದ ಹಳಿಯ ಮೇಲಿನ ಪುಟ್ಟ ಗಾಡಿಯಲ್ಲಿ. ಹಳಿಯನ್ನು ಅಗಲ ಮಾಡಬೇಕೆಂದು 1996ರಲ್ಲಿ ಘಟ್ಟದ ಓಡಾಟ ನಿಲ್ಲಿಸಿದರು. ಮತ್ತೆ ಸರಕು ಗಾಡಿ ಓಡಿದ್ದು 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ! ಹದಿನೇಳು ವರ್ಷ ಓಡಿದ ರೈಲಿಗೆ ಹನ್ನೊಂದು ವರ್ಷದ ವನವಾಸ. ಗಾಡಿಯಿಲ್ಲದ ಸೇತುವೆಗಳ ಮೇಲೆ ಪಟ್ಟಣದ ಹುಡುಗರು ಬೆನ್ನಿಗೆ ಚೀಲ ಕಟ್ಟಿಕೊಂಡು ನಡೆದರು. ದುಡಿದು ತಿನ್ನುವ ಜನ ಶಿರಾಡಿಯ ಹೊಂಡಗಳಲ್ಲಿ ಬಸ್ಸಿನೊಂದಿಗೆ ಕುಲುಕಾಡಿದರು. 2021ರಿಂದ ಗಾಜಿನ ಚಾವಣಿಯ ಬೋಗಿಗಳೂ ಬಂದಿವೆ. ಅಂದು ಕಿಟಕಿಯಿಂದ ತಲೆ ಹೊರಹಾಕಿ ಬೈಸಿಕೊಂಡ ನೀವು ಇಂದು ಕುರ್ಚಿಯಲ್ಲಿ ಒರಗಿ ಬೆಟ್ಟ ನೋಡಬಹುದು.

ಆದರೆ ಬೆಟ್ಟ ಸುಮ್ಮನಿಲ್ಲ. 2018ರ ಮಳೆಗಾಲದಲ್ಲಿ ಹಲವು ಕಡೆ ಗುಡ್ಡ ಜರಿದು ಗಾಡಿಗಳು ವಾರಗಟ್ಟಲೆ ನಿಂತುವು. 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿಗಳ ನಡುವೆ ಮತ್ತೆ ಕುಸಿಯಿತು; ಮರುತಿಂಗಳು ಬಾಳ್ಳುಪೇಟೆ–ಸಕಲೇಶಪುರಗಳ ನಡುವೆಯೂ ಮಣ್ಣು ಹಳಿಗೆ ಬಂತು. ರೈಲುದಾರಿಗೂ ಹೆದ್ದಾರಿಗೂ ಬಗೆದ ಇಳಿಜಾರಿನ ಬುಡ ಸಡಿಲವಾಗಿರುವಾಗ ಮೇಲಿನ ಮಳೆನೀರು ಬೇರೆಲ್ಲಿಗೆ ಹೋಗಬೇಕು?

ಈಗ ನೆರಳಿನ ತೋಟಗಳ ಮಾತಿಗೆ ಬರೋಣ. ಘಟ್ಟದ ರೈಲು ತೆರೆದ 1979ರಲ್ಲಿಯೇ ಗೊರೂರಿನಲ್ಲಿ ಹೇಮಾವತಿಯ ಅಣೆಕಟ್ಟೂ ಮುಗಿಯಿತು. ನೀರು ನಿಂತ ಕಡೆ ಹಳ್ಳಿಗಳು ಎದ್ದುಹೋದುವು; ಜನ ಬಿಟ್ಟ ನೆಲದಲ್ಲಿ ಪೊದೆ ಬೆಳೆಯಿತು. ಆನೆಗೆ ಬೇಕಾದ ನೀರು, ನೆರಳು, ಪಕ್ಕದಲ್ಲಿಯೇ ಭತ್ತ ಬಾಳೆ, ಎಲ್ಲ ಒಂದೇ ಕಡೆ ದೊರೆತುವು. ಹಗಲು ತೋಟದ ನೆರಳು, ಇರುಳು ಗದ್ದೆಯ ಊಟ. ಮುಂಜಾನೆ ಕೆಲಸಕ್ಕೆ ಹೊರಟ ಕೂಲಿಯಾಳು ಮನೆಗೆ ಮರಳದೆ ಇದ್ದುದುಂಟು. 2014ರಲ್ಲಿ ಉಚ್ಚ ನ್ಯಾಯಾಲಯದ ಆದೇಶದ ಮೇಲೆ ಆಲೂರು–ಸಕಲೇಶಪುರ ಭಾಗದಲ್ಲಿ 22 ಕಾಡಾನೆಗಳನ್ನು ಹಿಡಿದರು. ತೊಂದರೆ ಮಾತ್ರ ತಪ್ಪಲಿಲ್ಲ. ಮೈಸೂರು ದಸರೆಯಲ್ಲಿ ವರ್ಷವರ್ಷವೂ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು ಕಾಡಾನೆ ಹಿಡಿಯುವ ಕೆಲಸಕ್ಕೆ ಬಂದವನು, ಸಕಲೇಶಪುರ ತಾಲ್ಲೂಕಿನ ಯಸಳೂರು ಕಾಡಿನಲ್ಲಿ ಕಾಡಾನೆಯೊಂದಿಗೆ ಸೆಣಸಿ ಪ್ರಾಣಬಿಟ್ಟ. ಕೂಲಿಯಾಳಿನ ಮನೆಯ ದುಃಖವೂ ಅರ್ಜುನನ ಸಾವೂ ಒಂದೇ ಕಥೆಯ ಎರಡು ಪುಟಗಳು. ಇರುವ ನೆಲ ಒಂದೇ. ಅದನ್ನು ತನ್ನದೆನ್ನುವವರು ಇಬ್ಬರು.

ಹೀಗಿರುವಲ್ಲಿ, ಹಳೆಯ ಸಕಲೇಶಪುರ ಹಾಗೆಯೇ ಸಿಕ್ಕೀತೆಂದು ಹುಡುಕುತ್ತ ನೀವು ಹೋದರೆ ನಿರಾಸೆಯಾದೀತು. ಹೆಸರು ಬದಲಾಯಿಸಿಕೊಂಡ ಸೀಮೆ ಅದು. ಗಿಡ ಬದಲಾಯಿಸಿಕೊಂಡ, ಹಳಿ ಬದಲಾಯಿಸಿಕೊಂಡ ಗುಡ್ಡ ಅದು. ಬದಲಾವಣೆ ತಪ್ಪೆಂದು ನಾನು ಹೇಳುತ್ತಿಲ್ಲ. ಕಾಡು ಬೋಳಿಸಿ ತಪ್ಪು ಮಾಡಿದವರೇ ಹುಳುವಿನಿಂದ ಪಾಠ ಕಲಿತು ಮರಗಳನ್ನು ಉಳಿಸಿಕೊಂಡರಲ್ಲ, ಆ ವಿವೇಕವೂ ಇದೇ ಗುಡ್ಡದ ಚರಿತ್ರೆಯಲ್ಲಿಯೇ ಇದೆ. ಇಳಿಜಾರನ್ನು ಇನ್ನಷ್ಟು ಬಗೆಯುವ ಮೊದಲು, ಆನೆಯ ದಾರಿಯನ್ನು ಇನ್ನಷ್ಟು ತುಂಡರಿಸುವ ಮೊದಲು, ಆ ಪಾಠವನ್ನು ಮತ್ತೊಮ್ಮೆ ಓದಿದರೆ ನಷ್ಟವೇನೂ ಇಲ್ಲ.

ಮುಂದಿನ ಮಳೆಗಾಲದಲ್ಲಿ ಈ ದಾರಿಯಲ್ಲಿ ಹೋಗುವಿರಾದರೆ, ಎರಡು ಸುರಂಗಗಳ ನಡುವೆ ಕಣ್ಣಿಟ್ಟಿರಿ. ಕಂಬಳಿಯನ್ನೋ ಮಳೆಯಂಗಿಯನ್ನೋ ಹೊದ್ದು, ಕೈಯಲ್ಲಿ ದೀಪ ಹಿಡಿದು, ಬಂಡೆಗೆ ಒತ್ತಿಕೊಂಡು ನಿಂತ ಒಬ್ಬ ಮನುಷ್ಯ ಕಂಡಾನು. ಹಳಿಯ ಮೇಲೆ ಕಲ್ಲು ಬಿದ್ದಿದೆಯೇ, ಗುಡ್ಡ ಸರಿದಿದೆಯೇ ಎಂದು ರಾತ್ರಿಯಿಡೀ ನಡೆದು ನೋಡುವವನು ಅವನು. ಜಲಪಾತವನ್ನು ನೋಡಲು ಎಲ್ಲರೂ ಎದ್ದು ನಿಲ್ಲುತ್ತಾರೆ. ನೀವು ಅವನಿಗೂ ಒಮ್ಮೆ ಕೈಬೀಸಿರಿ. ಮಂಜರಾಬಾದಿಗೆ ನೀವು ಮರಳಿ ಬರುವಂತಾದದ್ದು ಅವನು ಎಚ್ಚರವಾಗಿದ್ದುದರಿಂದ.