ನೋವಿರುವ ಗಾಯ, ನೋವರಿಯದ ಗಾಯ: ಔಷಧ ಬಿಡುವ ಪಟ್ಟಿಗಳ ಕುರಿತು

ಸುಟ್ಟಗಾಯಕ್ಕೆ ಕಟ್ಟಿದ ಗಾಜ್ ಗಾಯದ ರಸದಲ್ಲಿ ನೆನೆದು, ಒಣಗಿ, ಹಕ್ಕಳೆಯ ಜೊತೆ ಬೆಸೆದುಕೊಳ್ಳುತ್ತದೆ. ಸಲೈನ್ ಹನಿಸಿ ಅಂಚಿನಿಂದ ನಿಧಾನವಾಗಿ ಎಬ್ಬಿಸಿದರೂ ಆಗತಾನೆ ಮೂಡಿದ ಎಳೆಚರ್ಮ ಅದರ ನೂಲಿಗೆ ಅಂಟಿ ಕಿತ್ತುಬರುತ್ತದೆ. ರೋಗಿ ಚೀರುವುದು ಆಗಲೇ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಜೇವರ್ಗಿಯ ಒಣ ಹವೆಯಲ್ಲಿ ಈ ತೊಂದರೆ ಇನ್ನೂ ಬೇಗ ಬರುತ್ತದೆ. ಅಲ್ಲಿಂದ ಕಟ್ಟಿಸಂಗಾವಿಯ ಸೇತುವೆ ದಾಟಿ ಕಲಬುರಗಿಯ ಆಸ್ಪತ್ರೆಗೆ ಹೋಗಿಬರುವವರಿಗೆ ಪಟ್ಟಿ ಬದಲಿಸುವ ಸರದಿ ಒಂದೇ ಒಂದು ಕಡಿಮೆಯಾದರೂ ಅದು ದೊಡ್ಡ ಉಪಕಾರ.

ಸೋಂಕು ತಡೆಯುತ್ತಲೇ ನೋವನ್ನೂ ಇಳಿಸುವ ಪಟ್ಟಿಯಲ್ಲಿ ಎರಡು ಔಷಧಗಳ ವೇಗ ಬೇರೆಬೇರೆ ಇರಬೇಕು. ಮರಗಟ್ಟಿಸುವ ಲಿಡೊಕೇನ್ ಕಟ್ಟಿದ ಕೂಡಲೇ ಬೇಕು. ಸೋಂಕು ತಡೆಯುವ ಬೆಳ್ಳಿಯ ಅಯಾನುಗಳು ದಿನಗಟ್ಟಲೆ ಜಿನುಗುತ್ತಿರಬೇಕು. ನೋವಿನ ಔಷಧವೊಂದನ್ನೇ ಬಿಡುವ ಪಟ್ಟಿ ಈಗಾಗಲೇ ಇದೆ: ಡೆನ್ಮಾರ್ಕಿನ ಕೊಲೊಪ್ಲಾಸ್ಟ್ ಕಂಪನಿಯ ಬಯಾಟೇನ್ ಐಬು ಎಂಬ ಫೋಮ್‌ನಲ್ಲಿ ಚದರ ಸೆಂಟಿಮೀಟರಿಗೆ 0.5 ಮಿ.ಗ್ರಾಂ ಐಬುಪ್ರೊಫೆನ್ ಇದೆ. 15 ಸೆಂ.ಮೀ. ಚೌಕಕ್ಕೆ 112.5 ಮಿ.ಗ್ರಾಂ, ಅಂದರೆ 400ರ ಮಾತ್ರೆಯ ಕಾಲುಭಾಗಕ್ಕಿಂತ ತುಸು ಹೆಚ್ಚು. ಗಾಯದ ರಸ ಹೀರಿದಷ್ಟೇ ಅದು ಔಷಧ ಬಿಡುವುದರಿಂದ ಒಣಗಾಯಕ್ಕೆ ಉಪಯೋಗವಿಲ್ಲ.

ಎರಡು ವೇಗದ ಪಟ್ಟಿಗೆ ನಮ್ಮ ರಾಜ್ಯದಲ್ಲಿ ಕೈಗೆಟುಕುವ ವಸ್ತು ರೇಷ್ಮೆ. ಬೆಂಗಳೂರಿನ ಫೈಬ್ರೋಹೀಲ್ ಸಂಸ್ಥೆ ರೇಷ್ಮೆ ಪ್ರೋಟೀನಿನ ಪಟ್ಟಿಗಳನ್ನು ತಯಾರಿಸುತ್ತಿದೆ. ಪ್ರಯೋಗಾಲಯಗಳಲ್ಲಿ ರೇಷ್ಮೆಗೂಡನ್ನು ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ ಸೆರಿಸಿನ್ ಅಂಟನ್ನು ತೆಗೆಯುತ್ತಾರೆ. ಉಳಿದ ಫೈಬ್ರೊಯಿನ್ ನಾರನ್ನು ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ ಕರಗಿಸಿ, ಲವಣ ತೊಳೆದು, ಹಾಳೆಯಾಗಿ ಒಣಗಿಸುತ್ತಾರೆ. ಮೆಥನಾಲ್ ತಾಗಿಸಿದರೆ ಪ್ರೋಟೀನ್ ಸರಪಳಿಗಳು ಬಿಗಿದುಕೊಂಡು ಹಾಳೆ ನೀರಿಗೆ ಕರಗದಂತಾಗುತ್ತದೆ. ನನ್ನ ಆಸಕ್ತಿ ಈ ಬಿಗಿತದಲ್ಲಿದೆ. ಬಿಗಿಯಾದ ಪದರದಲ್ಲಿ ಬೆಳ್ಳಿಯನ್ನೂ ಗಾಯಕ್ಕೆ ತಾಗುವ ಸಡಿಲ ಪದರದಲ್ಲಿ ಲಿಡೊಕೇನನ್ನೂ ಇಟ್ಟರೆ ಎರಡೂ ವೇಗ ಒಂದೇ ಹಾಳೆಯಲ್ಲಿ ಸಿಗಬಹುದು.

ಆದರೆ ಎಲ್ಲ ಗಾಯಕ್ಕೂ ಮರಗಟ್ಟಿಸುವ ಪಟ್ಟಿ ಸಲ್ಲದು. ತೊಗರಿ ಕೊಯ್ದ ಹೊಲದಲ್ಲಿ ಉಳಿದ ಕೂಳೆ ಸಕ್ಕರೆ ಕಾಯಿಲೆಯವರ ಪಾದಕ್ಕೆ ಚುಚ್ಚಿದರೆ, ನರಗಳ ಸ್ಪರ್ಶ ಹೋಗಿರುವವರಿಗೆ ಅದು ಗೊತ್ತೇ ಆಗುವುದಿಲ್ಲ. ಅಲ್ಪಸ್ವಲ್ಪ ಸ್ಪರ್ಶ ಉಳಿದವರಲ್ಲಿ ಹೊಸದಾಗಿ ಕಾಣಿಸಿದ ನೋವು ಸೋಂಕು ಆಳಕ್ಕೆ ಇಳಿದಿರುವ ಸೂಚನೆ ಇರಬಹುದು. ಅದನ್ನು ಮರಗಟ್ಟಿಸಿದರೆ ಕಾಲು ಕಳೆದುಕೊಳ್ಳುವ ಅಪಾಯವಿದೆ. ಅಂಥವರಿಗೆ ಅಂಟದ ಪಟ್ಟಿ, ಸೋಂಕಿನ ಚಿಕಿತ್ಸೆ, ಪಾದದ ಮೇಲಿನ ಭಾರ ಇಳಿಸುವುದು ಮುಖ್ಯ. ಮೈ ವಿಶಾಲವಾಗಿ ಸುಟ್ಟಾಗಲೂ ಎಚ್ಚರ ಬೇಕು: ಲಿಡೊಕೇನ್ ಹೆಚ್ಚು ಪ್ರಮಾಣದಲ್ಲಿ ರಕ್ತಕ್ಕೆ ಸೇರಿದರೆ ಮಿದುಳು, ಹೃದಯ ಎರಡಕ್ಕೂ ವಿಷ.

ಹಾಗಾಗಿ ಮುಂದಿನ ಪರೀಕ್ಷೆಗಳಲ್ಲಿ ಔಷಧದ ಪಟ್ಟಿಯನ್ನು ಹಳೆಯ ಗಾಜ್ ಜೊತೆಗಷ್ಟೇ ಹೋಲಿಸಿದರೆ ಸಾಲದು. ಔಷಧವಿಲ್ಲದ, ಅಂಟದ ಅದೇ ಹಾಳೆಯ ಜೊತೆ ಹೋಲಿಸಿ, ಪಟ್ಟಿ ಬಿಚ್ಚುವ ಗಳಿಗೆಯ ನೋವನ್ನು ಪ್ರತ್ಯೇಕವಾಗಿ ಅಳೆಯಬೇಕು.