ಸುಟ್ಟ ಮೋಟಾರಿನ ಸಾಕ್ಷ್ಯ

ಗೋಕಾಕ ತಾಲೂಕಿನ ಕೊಣ್ಣೂರವು ಇತಿಹಾಸಾಸಕ್ತರಿಗೆ ಹೊಸ ಹೆಸರಲ್ಲ. ಅಲ್ಲಿಯ ರಟ್ಟರ ಕಾಲದ ಜೈನಶಾಸನವನ್ನು ಫ್ಲೀಟ ಸಾಹೇಬರು ಓದಿ ಪ್ರಕಟಿಸಿದ್ದು ೧೯ನೆಯ ಶತಮಾನದ ಮಾತು. ಬಾಯಿಲ್ಲದ ಕಲ್ಲಿನಿಂದ ಮಾತು ಹೊರಡಿಸುವದು ಶಾಸನಶೋಧಕರ ವಿದ್ಯೆ. ಬಾಯಿಲ್ಲದ ಕಬ್ಬಿಣದಿಂದ ಮಾತು ಹೊರಡಿಸುವದನ್ನೇ ಹೊಟ್ಟೆಪಾಡಿನ ಕಸಬು ಮಾಡಿಕೊಂಡ ಜನರೂ ನಮ್ಮ ನಡುವೆ ಇರುವರು. ಅಪಘಾತಕ್ಕೀಡಾದ ಮೋಟಾರನ್ನು ಪರೀಕ್ಷಿಸುವ ಸಾರಿಗೆ ಇಲಾಖೆಯ ನಿರೀಕ್ಷಕರು, ನುಕಸಾನಿಯನ್ನು ಅಳೆಯುವ ವಿಮಾ ಸರ್ವೇಯರರು, ಬೂದಿಯನ್ನು ಶೋಧಿಸುವ ನ್ಯಾಯವಿಜ್ಞಾನ ಪ್ರಯೋಗಶಾಲೆಯ ರಸಾಯನಜ್ಞರು ಈ ವರ್ಗಕ್ಕೆ ಸೇರಿದವರು. ಗೋಕಾಕದ ಸಾರಿಗೆ ಕಚೇರಿಯ ‘ಕೆಎ ೪೯’ ಎಂಬ ಗುರುತನ್ನು ಹೊತ್ತ ಗಾಡಿಗಳನ್ನು ದಿನವೂ ನೋಡುವ ನಾವು ಈ ಕಸಬಿನ ಕಡೆಗೆ ಲಕ್ಷ್ಯ ಕೊಟ್ಟದ್ದು ಕಡಿಮೆ. ಅದರ ಇತಿಹಾಸವನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವು.

ಮೊದಮೊದಲಿನ ಮೋಟಾರುಗಳಲ್ಲಿ ಬೆಂಕಿಯೂ ಪೆಟ್ರೋಲೂ ನೆರೆಹೊರೆಯಲ್ಲಿಯೇ ವಾಸವಾಗಿದ್ದವು. ೧೯೦೮ರಲ್ಲಿ ಹೊರಬಿದ್ದ ಫೋರ್ಡ್ ಕಂಪನಿಯ ‘ಟಿ’ ಮಾದರಿಯ ಬಹುತೇಕ ಗಾಡಿಗಳಲ್ಲಿ ಪೆಟ್ರೋಲಿನ ಟಾಕಿಯು ಸಾರಥಿಯ ಆಸನದ ಕೆಳಗೇ ಇರುತ್ತಿತ್ತು. ಮುಂದಿನ ದೀಪಗಳು ಕಾರ್ಬೈಡಿನ ಗ್ಯಾಸಿನಿಂದಲೂ, ಪಕ್ಕದ ದೀಪಗಳು ಸೀಮೆಎಣ್ಣೆಯಿಂದಲೂ ಉರಿಯುತ್ತಿದ್ದವು. ಎರಡನೆಯ ಮಹಾಯುದ್ಧದ ಕಾಲಕ್ಕೆ ಪೆಟ್ರೋಲಿಗೆ ರೇಷನ್ನು ಬಂದಾಗ ನಮ್ಮ ಬಸ್ಸುಗಳು ಇದ್ದಲಿಯ ಗ್ಯಾಸಿನ ಒಲೆಯನ್ನೇ ಬೆನ್ನಿಗೆ ಕಟ್ಟಿಕೊಂಡು ಓಡಿದ್ದು ಹಿರಿಯರ ಬಾಯಲ್ಲಿ ಕೇಳಿದ ಸಂಗತಿಯಾಗಿದೆ. ಹೀಗಿದ್ದರೂ ಆಗಿನ ಕಾನೂನು ಗಾಡಿ ಏಕೆ ಸುಟ್ಟಿತೆಂದು ಕೇಳುತ್ತಿರಲಿಲ್ಲ. ಯಾರ ತಪ್ಪೆಂದಷ್ಟೇ ಕೇಳುತ್ತಿತ್ತು.

ಆ ಕಾನೂನಿನ ಹಾದಿಯನ್ನು ಸ್ವಲ್ಪ ನೋಡೋಣ. ಅಪಘಾತದಲ್ಲಿ ಸತ್ತವನ ಮನೆಯವರು ಪರಿಹಾರ ಬೇಡಬೇಕಾದರೆ ಬಹುಕಾಲ ೧೮೫೫ರ ಕಾಯಿದೆಯೊಂದೇ ಆಧಾರವಾಗಿತ್ತು. ಅದು ಮೋಟಾರು ಹುಟ್ಟುವ ಮೊದಲೇ ಹುಟ್ಟಿದ್ದು. ದಿವಾಣಿ ಕೋರ್ಟಿನಲ್ಲಿ ದಾವೆ ಹೂಡಿ, ಶುಲ್ಕ ತೆತ್ತು, ಸಾರಥಿಯ ತಪ್ಪನ್ನು ವಿಧವೆಯೇ ಸಿದ್ಧಪಡಿಸಿ ತೋರಿಸಬೇಕಿತ್ತು. ೧೯೧೪ರಲ್ಲಿ ಇಡಿಯ ಹಿಂದುಸ್ಥಾನಕ್ಕೆ ಮೊದಲ ಮೋಟಾರು ಕಾಯಿದೆಯಾಯಿತು. ೧೯೩೯ರಲ್ಲಿ ಅದಕ್ಕಿಂತ ವಿಸ್ತಾರವಾದ ಇನ್ನೊಂದು ಬಂತು. ಅನ್ಯರಿಗಾಗುವ ಹಾನಿಗೆ ವಿಮೆ ಇಳಿಸಲೇಬೇಕೆಂಬ ಅದರ ಅಧ್ಯಾಯವು ೧೯೪೬ರ ಜುಲೈ ೧ರಿಂದ ಜಾರಿಗೆ ಬಂದಿತು. ೧೯೫೬ರ ತಿದ್ದುಪಡಿಯಿಂದ ಮೋಟಾರು ಅಪಘಾತಗಳಿಗಾಗಿಯೇ ಬೇರೆ ನ್ಯಾಯಮಂಡಳಿಗಳನ್ನು ಸ್ಥಾಪಿಸುವ ಹಾದಿ ತೆರೆಯಿತು. ೧೯೮೨ರಲ್ಲಿ, ತಪ್ಪು ಯಾರದೇ ಇರಲಿ, ಮರಣಕ್ಕೆ ೧೫,೦೦೦ ರೂಪಾಯಿಗಳನ್ನು ಕೂಡಲೇ ಕೊಡತಕ್ಕದ್ದೆಂಬ ನಿಯಮವಾಯಿತು. ವಿಮೆಯ ಹಣ ನಡುವೆ ಬಂದ ಮೇಲೆ ಗಾಡಿಯನ್ನು ಕೂಲಂಕಷವಾಗಿ ಪರೀಕ್ಷಿಸುವವನ ಅವಶ್ಯಕತೆ ಹೆಚ್ಚಿತು. ಕಸಬು ಬೆಳೆದದ್ದು ಹೀಗೆ.

ಇತ್ತ ಪಾಶ್ಚಾತ್ಯ ದೇಶಗಳಲ್ಲಿ ಇನ್ನೊಂದು ವಿಚಾರವು ತಲೆಯೆತ್ತಿತ್ತು. ಹ್ಯೂ ಡಿಹೇವನ್ ಎಂಬವನು ೧೯೧೭ರಲ್ಲಿ ವಿಮಾನ ಹಾರಿಸುವದನ್ನು ಕಲಿಯುತ್ತಿದ್ದಾಗ ಅಪಘಾತಕ್ಕೆ ಸಿಕ್ಕು ಬದುಕಿಕೊಂಡನು. ವಿಮಾನ ಬಿದ್ದದ್ದು ಏಕೆಂಬ ಪ್ರಶ್ನೆ ಒಂದು, ಬಿದ್ದಾಗ ಒಳಗಿನವನಿಗೆ ಪೆಟ್ಟಾದದ್ದು ಏತರಿಂದ ಎಂಬ ಪ್ರಶ್ನೆಯೇ ಬೇರೊಂದು ಎಂದು ಅವನಿಗೆ ಹೊಳೆಯಿತು. ೧೯೪೨ರಲ್ಲಿ ಅಮೇರಿಕೆಯ ಕಾರ್ನೆಲ್ ವಿದ್ಯಾಲಯದಲ್ಲಿ ಅವನು ಆರಂಭಿಸಿದ ಸಂಶೋಧನೆಯು ಈ ಎರಡನೆಯ ಪ್ರಶ್ನೆಗೆ ಶಾಸ್ತ್ರದ ಪದವಿಯನ್ನು ಕೊಟ್ಟಿತು. ಮುಂದೆ ಫೋರ್ಡ್ ಕಂಪನಿಯ ‘ಪಿಂಟೋ’ ಕಾರಿನ ಪ್ರಕರಣದಲ್ಲಿ ಅದರ ಮಹತ್ವವು ಲೋಕಕ್ಕೆ ತಿಳಿಯಿತು. ಆ ಕಾರಿನ ಪೆಟ್ರೋಲ ಟಾಕಿಯು ಹಿಂದಿನ ಅಚ್ಚಿನ ಹಿಂಬದಿಗಿತ್ತು. ಹಿಂದಿನಿಂದ ಇನ್ನೊಂದು ಗಾಡಿ ಬಡಿದರೆ ಅದು ನಜ್ಜುಗುಜ್ಜಾಗಿ ಒಡೆಯುತ್ತಿತ್ತು. ಬಡಿದವನ ತಪ್ಪು ಇದ್ದೇ ಇತ್ತು. ಆದರೆ ಬಡಿದ ಮಾತ್ರಕ್ಕೆ ಸುಡಬೇಕೇಕೆ, ಎಂದು ಪರೀಕ್ಷಕರು ಕೇಳಿದರು. ೧೯೭೮ರಲ್ಲಿ ಸುಮಾರು ೧೫ ಲಕ್ಷ ಕಾರುಗಳನ್ನು ದುರಸ್ತಿಗೆಂದು ಕಂಪನಿಯು ಹಿಂದಕ್ಕೆ ಕರೆಯಬೇಕಾಯಿತು.

ನಮ್ಮಲ್ಲಿ ಇದೇ ಬಗೆಯ ಪ್ರಶ್ನೆಯು ಎದ್ದದ್ದು ನಾವು ಬಲ್ಲ ಹಾದಿಯ ಮೇಲೆಯೇ. ಹುಕ್ಕೇರಿ ತಾಲೂಕಿನ ಸಂಕೇಶ್ವರದ ಬದಿಗೆ ಹಾಯ್ದು ಹೋಗುವ ಪುಣೆ-ಬೆಂಗಳೂರು ಹೆದ್ದಾರಿಗೆ ಆಗ ೪ನೆಯ ಅಂಕೆ, ಈಗ ೪೮. ಇದೇ ಹೆದ್ದಾರಿಯಲ್ಲಿ, ಉತ್ತರಕ್ಕೆ ಸಾತಾರಾ ಜಿಲ್ಲೆಯ ಕವಠೆ ಗ್ರಾಮದ ಹತ್ತಿರ, ೧೯೮೭ರ ಅಕ್ಟೋಬರ ೨೯ರ ನಸುಕಿನ ಸುಮಾರು ೩ ಘಂಟೆಗೆ ಪೆಟ್ರೋಲಿನ ಟ್ಯಾಂಕರಿಗೂ ಒಂದು ಲಾರಿಗೂ ಡಿಕ್ಕಿಯಾಯಿತು. ಟ್ಯಾಂಕರು ರಸ್ತೆಯಿಂದ ಕೆಳಗುರುಳಿ ಮಗ್ಗುಲಾಗಿ ಬಿದ್ದಿತು; ಪೆಟ್ರೋಲು ಸೋರತೊಡಗಿತು. ಬೆಳಗಾಗುತ್ತಲೆ ಸುತ್ತಲಿನ ಜನರು ನೆರೆದರು. ೭ ಘಂಟೆ ೧೫ ನಿಮಿಷದ ಸುಮಾರಿಗೆ ಟ್ಯಾಂಕರು ಸ್ಫೋಟಿಸಿ ಬೆಂಕಿಯೆದ್ದಿತು. ೪೬ ಜನರು ಪ್ರಾಣ ಕಳೆದುಕೊಂಡರು.

ಡಿಕ್ಕಿಯಾಗಿ ನಾಲ್ಕು ತಾಸುಗಳ ಮೇಲೆ ಬೆಂಕಿ ಹತ್ತಿದೆ, ಗಾಡಿ ಓಡುತ್ತಿರಲಿಲ್ಲ, ಆದ್ದರಿಂದ ಇದು ಮೋಟಾರಿನ ಉಪಯೋಗದಿಂದಾದ ಅಪಘಾತವೇ ಅಲ್ಲವೆಂದು ನ್ಯಾಯಮಂಡಳಿಯು ಪರಿಹಾರವನ್ನು ನಿರಾಕರಿಸಿತು. ಮಗನನ್ನು ಕಳೆದುಕೊಂಡ ತಾಯಿಯೊಬ್ಬಳ ಅರ್ಜಿಯು ಮುಂಬಯಿಯ ಹೈಕೋರ್ಟಿನ ಮಾರ್ಗವಾಗಿ ದಿಲ್ಲಿಗೆ ಮುಟ್ಟಿತು. ಡಿಕ್ಕಿ ಮತ್ತು ಸ್ಫೋಟ ಇವೆರಡೂ ಒಂದಕ್ಕೊಂದು ಸಂಬಂಧಿಸಿದವು, ನಡುವೆ ಕಾಲ ಕಳೆದ ಮಾತ್ರಕ್ಕೆ ಆ ಸಂಬಂಧವು ಕಡಿಯುವದಿಲ್ಲವೆಂದು ೧೯೯೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. ವ್ಯಾಜ್ಯವಿದ್ದದ್ದು ೧೫,೦೦೦ ರೂಪಾಯಿಗಳಿಗಾಗಿ. ಆದರೆ ಆ ತೀರ್ಪು ದೇಶದಲ್ಲೆಲ್ಲ ಇಂಥ ಮನೆತನಗಳಿಗೆ ಆಸರೆಯಾಯಿತು.

ನಾಲ್ಕು ತಾಸಿನ ಆ ಅಂತರವು ರಸಾಯನಜ್ಞನಿಗೆ ಆಶ್ಚರ್ಯದ್ದಲ್ಲ. ಸೊನ್ನೆಗಿಂತ ಸುಮಾರು ೪೦ ಅಂಶ ಕೆಳಗಿನ ಚಳಿಯಲ್ಲಿಯೂ ಪೆಟ್ರೋಲು ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುವದು. ಆ ಆವಿಯು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲಕ್ಕೆ ಹಾರಿ ಹೋಗದೆ ತಗ್ಗಿನಲ್ಲಿ ನೀರಿನಂತೆ ಹರಿದು ನಿಲ್ಲುವದು. ಗಾಳಿಯೊಳಗೆ ಅದರ ಪ್ರಮಾಣವು ನೂರಕ್ಕೆ ಒಂದೂವರೆಯಿಂದ ಏಳೂವರೆಯ ಒಳಗಿದ್ದರೆ ಒಂದು ಕಿಡಿ ಸಾಕು. ಮಗುಚಿದ ಟ್ಯಾಂಕರಿನ ಬಳಿ ಕೊಡಪಾನ ಹಿಡಿದು ಹೋಗುವವರು ಕಣ್ಣಿಗೆ ಕಾಣದ ಆ ಮಡುವಿನಲ್ಲಿಯೇ ನಿಂತಿರುತ್ತಾರೆ.

ಇನ್ನು ಪರೀಕ್ಷಕನ ಕ್ರಮ. ಸುಟ್ಟ ಗಾಡಿಯಲ್ಲಿ ಅವನು ಮೊದಲು ಹೆಚ್ಚು ಸುಟ್ಟ ಭಾಗಕ್ಕೆ ಕೈ ಹಾಕುವದಿಲ್ಲ. ಕಡಿಮೆ ಸುಟ್ಟ ಕಡೆಯಿಂದ ಹೆಚ್ಚು ಸುಟ್ಟ ಕಡೆಗೆ ಹೋಗಿ, ಉರಿ ಬಂದ ದಾರಿಯನ್ನು ತಿರುಗಿ ತುಳಿದು ಅದರ ಹುಟ್ಟಿನ ಸ್ಥಳವನ್ನು ಹುಡುಕುವನು. ಎಲ್ಲಿ ಬಣ್ಣ ಉಳಿದಿದೆ, ಎಲ್ಲಿ ತಗಡು ಬರಿದಾಗಿ ತುಕ್ಕು ಹಿಡಿದಿದೆ, ಬಾಗಿಲು ಮುಚ್ಚಿತ್ತೋ ತೆರೆದಿತ್ತೋ, ಎಲ್ಲವನ್ನೂ ಬರೆದುಕೊಳ್ಳುವನು. ಶುದ್ಧ ಅಲ್ಯೂಮಿನಿಯಮ್ಮು ೬೬೦ ಅಂಶಗಳ ಕಾವಿಗೆ ಕರಗುವದು. ತಾಮ್ರಕ್ಕೆ ೧೦೮೫ ಅಂಶ ಬೇಕು. ಇವು ಅವನ ಉಷ್ಣಮಾಪಕಗಳು. ತಂತಿಯ ತುದಿಗೆ ತಾಮ್ರದ ಸಣ್ಣ ಮಣಿ ಕಟ್ಟಿದ್ದರೆ ಅಲ್ಲಿ ವಿದ್ಯುತ್ತಿನ ಕಿಡಿ ಹಾರಿರಬೇಕೆಂಬ ಶಂಕೆಗೆ ಎಡೆಯಿದೆ. ಆದರೆ ಕಿಡಿಯಿಂದ ಬೆಂಕಿ ಹುಟ್ಟಿತೋ, ಬೆಂಕಿಯಿಂದ ಹೊದಿಕೆ ಸುಟ್ಟು ತಂತಿಗಳು ತಾಗಿ ಕಿಡಿ ಹುಟ್ಟಿತೋ? ಮಣಿಯೊಂದೇ ಇದನ್ನು ಹೇಳಲಾರದು. ‘ಶಾರ್ಟ ಸರ್ಕಿಟ್’ ಎಂದು ಬರೆದು ಕೈ ತೊಳೆದುಕೊಳ್ಳುವವನು ಎಡವುವದು ಇಲ್ಲಿಯೇ. ಬೂದಿಯ ಮಾದರಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ಪ್ರಯೋಗಶಾಲೆಗೆ ಕಳಿಸಬೇಕು. ತಡವಾದರೆ ಆವಿಯೊಡನೆ ಸಾಕ್ಷ್ಯವೂ ಹಾರಿಹೋಗುವದು. ೧೯೮೮ರ ಮೋಟಾರು ಕಾಯಿದೆಯು ಅಪಘಾತದ ಗಾಡಿಯನ್ನು ಪರೀಕ್ಷಿಸುವ ಅಧಿಕಾರವನ್ನೂ, ಕಾರಣಗಳ ಆಳವಾದ ಅಭ್ಯಾಸಕ್ಕೆ ಸರಕಾರವು ಯೋಜನೆ ಮಾಡುವ ಅವಕಾಶವನ್ನೂ ಕೊಟ್ಟಿದೆ.

ಈ ವಿದ್ಯೆಯ ಅವಶ್ಯಕತೆಯನ್ನು ೨೦೧೩ನೆಯ ಇಸವಿಯು ಕನ್ನಡಿಗರಿಗೆ ಕಠೋರವಾಗಿ ಮನಗಾಣಿಸಿತು. ಅಕ್ಟೋಬರ ೩೦ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಕ್ಕೆ ಹೊರಟ ಬಸ್ಸು ಮಹಬೂಬನಗರ ಜಿಲ್ಲೆಯ ಪಾಲೆಮ್ ಬಳಿ ರಸ್ತೆಯ ಮೋರಿಗೆ ಬಡಿಯಿತು. ಟಾಕಿ ಒಡೆದು ೪೫ ಜನರು ಸುಟ್ಟು ಸತ್ತರು. ಎರಡೇ ವಾರ ಕಳೆದು, ನವೆಂಬರ ೧೪ರಂದು, ಬೆಂಗಳೂರಿನಿಂದ ಮುಂಬಯಿಗೆ ಹೊರಟ ಬಸ್ಸು ಹಾವೇರಿ ಜಿಲ್ಲೆಯಲ್ಲಿ ನಮ್ಮದೇ ಹೆದ್ದಾರಿಯ ಮೇಲೆ ಹೊತ್ತಿ ಉರಿದು ೭ ಜನರು ಮಡಿದರು. ಎರಡೂ ಕಡೆಗೆ ಪ್ರಯಾಣಿಕರು ನಿದ್ರೆಯಲ್ಲಿದ್ದರು. ಡೀಝಲ್ಲು ಪೆಟ್ರೋಲಿಗಿಂತ ಸೌಮ್ಯವೆಂಬ ನಂಬಿಕೆಯು ಅರ್ಧ ಸತ್ಯವು. ತಣ್ಣಗಿರುವಾಗ ಅದು ಸುಲಭವಾಗಿ ಹೊತ್ತದು ನಿಜ. ಆದರೆ ಚೆನ್ನಾಗಿ ಕಾದ ಹೊಗೆಕೊಳವೆಯ ಮೇಲೆ ಚಿಮ್ಮಿದರೆ ಕಿಡಿಯ ಹಂಗಿಲ್ಲದೆ ತಾನಾಗಿಯೇ ಹೊತ್ತಿಕೊಳ್ಳುವದು.

೨೦೨೫ರ ಅಕ್ಟೋಬರ ೨೪ರಂದು ಹೈದರಾಬಾದದಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲಿನ ಹತ್ತಿರ ಸುಟ್ಟು, ಒಳಗಿದ್ದ ೧೯ ಜನರು ಸತ್ತರು. ಬಸ್ಸು ಸವಾರನಿಗೆ ಬಡಿಯಿತೆಂದು ಮೊದಲು ಎಲ್ಲರೂ ತಿಳಿದಿದ್ದರು. ವಿಚಾರಣೆಯಿಂದ ಹೊರಬಿದ್ದ ಸಂಗತಿಯೇ ಬೇರೆ. ಮೋಟಾರ ಸೈಕಲ್ಲಿನ ಸವಾರನು ಅದಕ್ಕೂ ಮುಂಚೆ ತಾನೇ ಬಿದ್ದು ಸತ್ತಿದ್ದನು. ಹಾದಿಯ ಮೇಲೆ ಬಿದ್ದಿದ್ದ ಸೈಕಲ್ಲನ್ನು ಬಸ್ಸು ತನ್ನಡಿಗೆ ಎಳೆದುಕೊಂಡು ಹೋಗಿತ್ತು. ಉಜ್ಜಿದ ಕಬ್ಬಿಣದ ಕಿಡಿಗೆ ಸೋರಿದ ಪೆಟ್ರೋಲು ಸಿಕ್ಕಿತ್ತು. ಯಾವುದು ಮೊದಲು, ಯಾವುದು ಅನಂತರ ಎಂಬ ಕಾಲಕ್ರಮವನ್ನು ಗೊತ್ತುಪಡಿಸದೆ ತಪ್ಪನ್ನೂ ಗೊತ್ತುಪಡಿಸಲಾಗದು. ಇತಿಹಾಸಕಾರನ ನಿಯಮವೇ ಈ ಪರೀಕ್ಷಕನ ನಿಯಮವು.

ಇಲ್ಲಿ ಒಂದು ಕೊರತೆಯನ್ನು ಹೇಳದೆ ವಿಧಿಯಿಲ್ಲ. ನಮ್ಮ ಅಪಘಾತದ ಖಟ್ಲೆಗಳ ಕಾಗದಪತ್ರಗಳಲ್ಲಿ ನಿರೀಕ್ಷಕರ ವರದಿಯು ಬಹುಶಃ ಒಂದೇ ಸಾಲಿನಿಂದ ಮುಗಿಯುವದು: ಅಪಘಾತವು ಯಾಂತ್ರಿಕ ದೋಷದಿಂದ ಆದದ್ದಲ್ಲ. ಈ ಸಾಲು ಸುಳ್ಳಲ್ಲ. ಆದರೆ ಅದು ಗಾಡಿ ಬಡಿದದ್ದು ಏಕೆಂಬುದಕ್ಕೆ ಮಾತ್ರ ಉತ್ತರ. ಟಾಕಿ ಒಡೆದದ್ದು ಏಕೆ, ಬಾಗಿಲು ತೆರೆಯದ್ದು ಏಕೆ, ಒಳಗಿನ ಪರದೆ-ಹಾಸಿಗೆಗಳು ಎಷ್ಟು ನಿಮಿಷದಲ್ಲಿ ಉರಿದವು, ಹೊರಗೆ ಬರಲು ಜನರಿಗೆ ಎಷ್ಟು ಕಾಲ ದೊರೆಯಿತು? ಇವಕ್ಕೆ ಬೇರೊಂದು ಉತ್ತರ ಬೇಕು. ಸಾರಥಿಯ ತಪ್ಪು ಸಿದ್ಧವಾದೊಡನೆ ಪರೀಕ್ಷೆ ನಿಂತರೆ, ಗಾಡಿ ಕಟ್ಟಿದವನೂ ಹಾದಿ ಕಟ್ಟಿದವನೂ ಪಾಠ ಕಲಿಯುವದಿಲ್ಲ.

ಸಮಾಧಾನದ ಸಂಗತಿಯೆಂದರೆ ಕಾನೂನು ಈ ಕಡೆಗೆ ಸಾಗುತ್ತಲಿದೆ. ೨೦೧೯ರ ತಿದ್ದುಪಡಿಯು ದೋಷಯುಕ್ತ ರಸ್ತೆ ಕಟ್ಟಿದವರನ್ನೂ ಹೊಣೆಗಾರರನ್ನಾಗಿ ಮಾಡಿತು. ಆಗ ೧೫,೦೦೦ ಇದ್ದ ಮರಣಪರಿಹಾರವು ೨೦೨೨ರ ಏಪ್ರಿಲ್ ೧ರಿಂದ ೫ ಲಕ್ಷಕ್ಕೆ ಏರಿತು. ದೂರ ಪ್ರಯಾಣದ ಬಸ್ಸುಗಳಲ್ಲಿಯೂ ಶಾಲೆಯ ಬಸ್ಸುಗಳಲ್ಲಿಯೂ ಜನರು ಕೂಡುವ ಭಾಗಕ್ಕೆ ಅಗ್ನಿಸೂಚಕ ಮತ್ತು ರಕ್ಷಣೆಯ ಏರ್ಪಾಡು ಇರತಕ್ಕದ್ದೆಂದು ೨೦೨೨ರ ಜನವರಿಯಲ್ಲಿ ಕೇಂದ್ರ ಸರಕಾರವು ಅಧಿಸೂಚನೆ ಹೊರಡಿಸಿತು. ಹೆಚ್ಚಿನವರು ಸಾಯುವದು ಕಾವು ಮತ್ತು ಹೊಗೆಯಿಂದ; ಕೆಲವು ನಿಮಿಷಗಳ ಅವಕಾಶ ದೊರೆತರೂ ಪ್ರಾಣ ಉಳಿಯುವದೆಂಬ ಪರೀಕ್ಷಕರ ಅನುಭವವೇ ಈ ನಿಯಮದ ಮೂಲವು.

ಕೊಣ್ಣೂರ, ಗೋಕಾಕ, ಹುಕ್ಕೇರಿಗಳಿಂದ ನಮ್ಮ ಮಕ್ಕಳು ಓದಿಗೂ ನೌಕರಿಗೂ ರಾತ್ರಿಯ ಬಸ್ಸು ಹತ್ತುತ್ತಲೇ ಇದ್ದಾರೆ. ಬಸ್ಸು ನಿಲ್ದಾಣಕ್ಕೆ ಕಳಿಸಲು ಹೋದವರು ಬುತ್ತಿಗಂಟು ಕೈಗೆ ಕೊಡುವಾಗ ಇನ್ನು ಮೂರು ಮಾತು ಹೇಳಬೇಕು. ಆಪತ್ಕಾಲದ ಬಾಗಿಲು ಎಲ್ಲಿದೆ ನೋಡಿಕೋ. ಕಾಜು ಒಡೆಯುವ ಸುತ್ತಿಗೆ ತನ್ನ ಜಾಗದಲ್ಲಿದೆಯೇ ನೋಡಿಕೋ. ಓಡಾಡುವ ದಾರಿಯಲ್ಲಿ ಮೂಟೆ ಒಟ್ಟಿದ್ದರೆ ತೆಗೆಯಿಸು. ಇವು ಯಾರೋ ಊಹಿಸಿ ಹೇಳಿದ ಬುದ್ಧಿವಾದಗಳಲ್ಲ. ಸುಟ್ಟ ಗಾಡಿಗಳ ಒಳಹೊಕ್ಕು, ಬೂದಿಯಲ್ಲಿ ಕೈಯಾಡಿಸಿದವರು ಅಲ್ಲಿಂದ ಹೊರತಂದವುಗಳು.