ಹಿಟ್ಟಿನ ಹುಂಜವೂ ಪ್ರಯೋಗಶಾಲೆಯ ಮೊಲವೂ

ಜನ್ನನ ‘ಯಶೋಧರ ಚರಿತೆ’ಯನ್ನು ಓದಿದವರು ಹಿಟ್ಟಿನ ಹುಂಜವನ್ನು ಮರೆಯಲಾರರು. 1209ರಲ್ಲಿ ರಚಿತವಾದ ಆ ಕಾವ್ಯದಲ್ಲಿ, ಜೀವಬಲಿಯನ್ನು ಒಲ್ಲದ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಜೀವದ ಸ್ಥಾನಕ್ಕೆ ಬೊಂಬೆ ಬಂದಿತು. ಕೊಲ್ಲುವ ಸಂಕಲ್ಪ ಹಾಗೆಯೇ ಉಳಿಯಿತು. ಅದರ ಫಲವಾಗಿ ತಾಯಿಯೂ ಮಗನೂ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ನೋಯುತ್ತಾರೆ. ಪ್ರಾಣಿಗೆ ಬದಲಿಯನ್ನು ಹುಡುಕುವುದೆಂದರೇನು ಎಂಬ ಪ್ರಶ್ನೆ ಇಪ್ಪತ್ತನೆಯ ಶತಮಾನದ ವಿಜ್ಞಾನಕ್ಕೂ ಎದುರಾಯಿತು. ಅದು ಕಂಡುಕೊಂಡ ಉತ್ತರಕ್ಕೆ ಬಸಿರಿನ ಪರೀಕ್ಷೆಯ ಇತಿಹಾಸ ಒಳ್ಳೆಯ ನಿದರ್ಶನ.

1928ರಲ್ಲಿ ಬರ್ಲಿನ್ನಿನ ಆಶ್‌ಹೈಮ್ ಮತ್ತು ಝೊಂಡೆಕ್ ಎಂಬ ವೈದ್ಯರು ಒಂದು ವಿಧಾನವನ್ನು ಪ್ರಕಟಿಸಿದರು. ಹೆಂಗಸಿನ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚುವುದು. ಕೆಲವು ದಿನಗಳ ಮೇಲೆ ಅವನ್ನು ಕೊಂದು ಅಂಡಾಶಯವನ್ನು ನೋಡುವುದು. ಅಲ್ಲಿ ಬದಲಾವಣೆ ಕಂಡರೆ ಆಕೆ ಗರ್ಭಿಣಿ. ಒಬ್ಬಳ ಪರೀಕ್ಷೆಗೆ 5 ಇಲಿಗಳು. 1931ರಲ್ಲಿ ಅಮೆರಿಕದ ಫ್ರೀಡ್‌ಮನ್ ಇಲಿಗೆ ಬದಲು ಮೊಲವನ್ನು ತಂದರು. ಉತ್ತರ ಬೇಗ ದೊರೆಯುತ್ತಿತ್ತು; ಆದರೆ ಅದು ಹೌದಾಗಲಿ ಅಲ್ಲವಾಗಲಿ, ಮೊಲ ಸಾಮಾನ್ಯವಾಗಿ ಸಾಯಲೇಬೇಕಿತ್ತು. ಇದು ಬರಿಯ ಕುತೂಹಲದ ಮಾತಲ್ಲ. ಒಡಲಲ್ಲಿರುವುದು ಗರ್ಭವೋ ಗೆಡ್ಡೆಯೋ ತಿಳಿಯದೆ ಶಸ್ತ್ರಕ್ಕೆ ಕೈಹಾಕಿದರೆ ತಾಯಿಗೂ ಮಗುವಿಗೂ ಆಪತ್ತು. ಇತ್ತ ಹೆಣ್ಣಿನ ಜೀವ, ಅತ್ತ ಮೊಲದ ಜೀವ: ಧರ್ಮಸಂಕಟ ನಿಜವಾದದ್ದೇ.

ಅದೇ ಕಾಲದಲ್ಲಿ ಕೇಪ್‌ಟೌನಿನಲ್ಲಿದ್ದ ಲ್ಯಾನ್ಸೆಲಾಟ್ ಹಾಗ್ಬೆನ್ ಆಫ್ರಿಕದ ಒಂದು ಕಪ್ಪೆಯಲ್ಲಿ ವಿಶೇಷವೊಂದನ್ನು ಕಂಡಿದ್ದರು. ಎತ್ತಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿದರೆ ಅದು ಮೊಟ್ಟೆಯಿಡುತ್ತಿತ್ತು. ಗರ್ಭಿಣಿಯ ಮೂತ್ರಕ್ಕೂ ಅದು ಹಾಗೆಯೇ ಸ್ಪಂದಿಸಿತು. ಕೊಲ್ಲಬೇಕಾಗಿಲ್ಲ, ಕೊಯ್ಯಬೇಕಾಗಿಲ್ಲ, ಕೆಲವು ವಾರ ಬಿಟ್ಟು ಅದೇ ಕಪ್ಪೆ ಇನ್ನೊಬ್ಬ ತಾಯಿಗೆ ಉತ್ತರ ಹೇಳುತ್ತಿತ್ತು. ಸಾವು ತಪ್ಪಿತು, ಸೆರೆ ತಪ್ಪಲಿಲ್ಲ.

1959ರಲ್ಲಿ ಇಂಗ್ಲೆಂಡಿನ ವಿಲಿಯಂ ರಸೆಲ್ ಮತ್ತು ರೆಕ್ಸ್ ಬರ್ಚ್ ಒಂದು ಪುಸ್ತಕದಲ್ಲಿ ಮೂರು ಮಾತುಗಳನ್ನು ಮುಂದಿಟ್ಟರು: ಸಾಧ್ಯವಾದಲ್ಲಿ ಪ್ರಾಣಿಗೆ ಬದಲಿಯನ್ನು ಬಳಸಿರಿ, ಸಂಖ್ಯೆಯನ್ನು ತಗ್ಗಿಸಿರಿ, ನೋವು ಕಡಿಮೆಯಾಗುವಂತೆ ವಿಧಾನವನ್ನು ತಿದ್ದಿರಿ. ದಯೆಯು ಒಳ್ಳೆಯ ಪ್ರಯೋಗಕ್ಕೆ ಅಡ್ಡಿಯಲ್ಲ, ಅದರ ಆಧಾರ ಎಂಬುದು ಅವರ ವಾದ. ಸುಮಾರು ಎರಡು ದಶಕ ಆ ಪುಸ್ತಕವನ್ನು ಕೇಳುವವರೇ ವಿರಳ. ಇಂದು ಅನೇಕ ದೇಶಗಳ ಕಾನೂನಿಗೆ ಅದೇ ತಳಹದಿ.

ಪುಸ್ತಕ ಬಂದ ಮರುವರ್ಷವೇ, 1960ರಲ್ಲಿ, ಸ್ವೀಡನ್ನಿನ ವೀಡೆ ಮತ್ತು ಗೆಮ್‌ಜೆಲ್ ಬಸಿರಿನ ಪರೀಕ್ಷೆಯನ್ನು ಗಾಜಿನ ನಳಿಗೆಗೆ ಇಳಿಸಿದರು. ನಮಗೆ ತಿಳಿಯಬೇಕಾದದ್ದು ಒಂದು ಹಾರ್ಮೋನು ಮೂತ್ರದಲ್ಲಿದೆಯೋ ಇಲ್ಲವೋ ಎಂಬುದಷ್ಟೇ. ಇಲಿ, ಮೊಲ, ಕಪ್ಪೆಗಳು ಅದನ್ನು ಅಳೆಯುವ ಉಪಕರಣಗಳಾಗಿದ್ದವು, ಅಷ್ಟೆ. ಇದು ಸಂಪೂರ್ಣ ಬಿಡುಗಡೆಯೆಂದು ಹೇಳಲಾಗದು: ಅದಕ್ಕೆ ಬೇಕಾದ ಪ್ರತಿಕಾಯಗಳನ್ನು ಮೊಲದ ರಕ್ತದಿಂದ, ರಕ್ತಕಣಗಳನ್ನು ಕುರಿಯಿಂದ ಪಡೆಯುತ್ತಿದ್ದರು. ಆದರೂ ಒಂದೊಂದು ಪ್ರಶ್ನೆಗೆ ಒಂದೊಂದು ಜೀವವೆಂಬ ಲೆಕ್ಕ ಮುಗಿಯಿತು.

ಎಲ್ಲ ಪ್ರಶ್ನೆಗಳೂ ಇಷ್ಟು ಸರಳವಲ್ಲ. ಇಡೀ ದೇಹದಲ್ಲಿ ಹರಡುವ ರೋಗವನ್ನು ನಳಿಗೆಯೊಂದು ತೋರಿಸಲಾರದು. ಆದರೆ ಈ ಇತಿಹಾಸ ಒಂದು ವಿವೇಕವನ್ನು ಕಲಿಸುತ್ತದೆ. ಯಶೋಧರನು ಬಲಿಯ ವಸ್ತುವನ್ನು ಬದಲಿಸಿದನು. ಬಲಿ ಬೇಕೇ ಎಂದು ಕೊನೆಯವರೆಗೆ ಕೇಳಲಿಲ್ಲ. ವಿಜ್ಞಾನಿಗಳು ತಮಗೆ ನಿಜವಾಗಿ ತಿಳಿಯಬೇಕಾದದ್ದೇನು ಎಂದು ಕೇಳಿಕೊಂಡಾಗ ಬಲಿಯೇ ಅನಗತ್ಯವಾಯಿತು.